ಕತ್ತರಿಸಿ ತೆಗೆದ ಕೆಳಗಿನ ಸಾಲು

ಪ್ರಯೋಗಾಲಯದ ಮಾನ್ಯ ನಿರ್ದೇಶಕರೇ,

ನೀವು ಸಂಶೋಧನಾ ಪ್ರಬಂಧದ ಒಂದು ಚಿತ್ರದ ಕೆಳಗಿನ ಸಾಲನ್ನು ಕತ್ತರಿಸಿದಿರಿ. ಅದರಿಂದ ಒಬ್ಬ ಹುಡುಗಿಯ ನಾಲ್ಕು ವರ್ಷ ಮಣ್ಣುಪಾಲಾಯಿತು. ನಿಮ್ಮ ಕೋಣೆಯ ಪ್ರಶಸ್ತಿ ಫಲಕಗಳ ಸಾಲಿನಲ್ಲಿ ಇಂಥದ್ದು ಕಾಣುವುದಿಲ್ಲ. ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನ ಕೇಳುವಂತೆ ನೆನಪಿಸುತ್ತಿದ್ದೇನೆ.

ನಮ್ಮ ಜೀವಕೋಶಗಳ ಮೈಮೇಲೆ ಸಿಯಾಲಿಕ್ ಆಮ್ಲವೆಂಬ ಒಂದು ಬಗೆಯ ಸಕ್ಕರೆ ಇರುತ್ತದೆ. ನೀವು ಕಂಡುಹಿಡಿದ ಪ್ರೋಟೀನ್ ಅದನ್ನು ಮಾತ್ರ ಹಿಡಿಯುತ್ತದೆ ಎಂದಿರಿ. ಪರೀಕ್ಷಿಸಿದವಳು ನಾನು. ಸಣ್ಣ ಗುಳಿಗಳ ತಟ್ಟೆಯಲ್ಲಿ ಕೆಂಪು ರಕ್ತಕಣಗಳಿಗೆ ಪ್ರೋಟೀನ್ ಬೆರೆಸಿದೆ. ಹಿಡಿದರೆ ಕಣಗಳು ಬಲೆಯಂತೆ ಹರಡುತ್ತವೆ. ಹಿಡಿಯದಿದ್ದರೆ ತಳದಲ್ಲಿ ಚುಕ್ಕೆಯಾಗಿ ಕೂರುತ್ತವೆ. ಮೇಲಿನ ಸಾಲಿನಲ್ಲಿ ಹರಡಿದವು, ನೀವು ಹಿಗ್ಗಿದಿರಿ. ಕೆಳಗಿನ ಸಾಲಿನ ಕಣಗಳಿಂದ ಆ ಸಕ್ಕರೆಯನ್ನು ಕಿಣ್ವ ಹಾಕಿ ಮೊದಲೇ ತೆಗೆದಿದ್ದೆ. ಅಲ್ಲಿ ಚುಕ್ಕೆ ಬೀಳಬೇಕಿತ್ತು. ಬೀಳಲಿಲ್ಲ.

"ಕಿಣ್ವ ಹಳೇದಿರ್ಬೇಕು," ಎಂದಿರಿ. ಸಿಯಾಲಿಕ್ ಆಮ್ಲವನ್ನೇ ಹಿಡಿಯುವುದೆಂದು ಖಚಿತವಾಗಿ ಗೊತ್ತಿದ್ದ ಬೇರೊಂದು ಪ್ರೋಟೀನನ್ನು ಅದೇ ಕಣಗಳಿಗೆ ಹಾಕಿ ತೋರಿಸಿದೆ. ದುಂಡಗೆ ಚುಕ್ಕೆ ಬಿತ್ತು. ಕಿಣ್ವ ಸರಿಯಾಗಿಯೇ ಇತ್ತು. ನಿಮ್ಮ ಪ್ರೋಟೀನ್ ಇನ್ನೇನನ್ನೋ ಹಿಡಿದಿತ್ತು.

"ಚಿತ್ರದಿಂದ ಆ ಸಾಲು ತೆಗೆದುಬಿಡಮ್ಮ. ಓದೋರಿಗೆ ಸುಮ್ನೆ ಗೊಂದಲ."

ಸತ್ಯದಿಂದ ಗೊಂದಲವಾಗುತ್ತದೆಂದು ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ, ಸ್ವಾಮಿ?

ಅರ್ಧ ಚಿತ್ರದ ಪ್ರಬಂಧ ಅಚ್ಚಾಯಿತು. ಅದನ್ನೇ ನಂಬಿ ನಿಮ್ಮ ಸಂಶೋಧನಾ ವಿದ್ಯಾರ್ಥಿನಿ ರಕ್ತಪರೀಕ್ಷೆಯೊಂದನ್ನು ರೂಪಿಸಲು ಹೊರಟಳು. ಈ ವಾರ ಬಂದ ಫಲಿತಾಂಶ ಮರುವಾರ ಬರುತ್ತಿರಲಿಲ್ಲ. "ನಿನ್ನ ಕೈಯೇ ಸರಿಯಿಲ್ಲ," ಎಂದು ಎಲ್ಲರೆದುರು ಛೀಮಾರಿ ಹಾಕಿದಿರಿ. ಪಾಪ, ಅವಳು ನಂಬಿದಳು! ಊಟದ ಬಿಡುವಿನಲ್ಲೂ ಪಿಪೆಟ್ ಹಿಡಿದು, ಬರಿಯ ನೀರನ್ನು ಹನಿ ಹನಿಯಾಗಿ ಹಾಕುತ್ತ ಅಭ್ಯಾಸ ಮಾಡುತ್ತಿದ್ದಳು. ಪಕ್ಕದ ಮೇಜಿನಲ್ಲಿ ನಾನಿದ್ದೆ. ಕೆಲಸ ಹೋದೀತೆಂದು ತುಟಿ ಹೊಲಿದುಕೊಂಡಿದ್ದೆ. ಕೊನೆಗೆ ಅವಳು ಸಂಶೋಧನೆಯನ್ನೇ ಬಿಟ್ಟು ಹೋದಳು.

ಕಳೆದ ವಾರ ಪೂರ್ತಿ ಚಿತ್ರ ಹಿಡಿದುಕೊಂಡು ಅವಳ ಮನೆಗೆ ಹೋದೆ. ಕೆಳಗಿನ ಸಾಲಿನ ಗುಳಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದಳು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ, ಅಕ್ಕಾ?"

"ಸರಿಯಾಗೇ ಇತ್ತು ಕಣಮ್ಮ."

"ನಿಮಗೆ ಆಗಲೇ ಗೊತ್ತಿತ್ತಾ?"

ತಲೆಯೆತ್ತಲು ಆಗಲಿಲ್ಲ ನನಗೆ. ನಿಮಗೆ ಆದೀತೇ?

ಪ್ರಬಂಧವನ್ನು ಹಿಂಪಡೆಯಿರಿ. ಅವಳ ಕೈಯಲ್ಲಿ ದೋಷವಿರಲಿಲ್ಲವೆಂದು ಸ್ವಂತ ಕೈಯಿಂದ ಬರೆದುಕೊಡಿ. ಅವಳ ಜಾಗ ಅವಳಿಗೆ ಮರಳಲಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಪ್ರಯೋಗಗಳನ್ನು ಬರೆದಿಟ್ಟ ನನ್ನ ದಿನಚರಿ ಪುಸ್ತಕದೊಂದಿಗೆ ವಿಚಾರಣಾ ಸಮಿತಿಯ ಮುಂದೆ ನಿಲ್ಲುತ್ತೇನೆ. ಅಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ.

ಇಂತಿ,
ನಾಲ್ಕು ವರ್ಷ ತಡವಾಗಿ ಬಾಯಿಬಿಟ್ಟ,
ನಿಮ್ಮದೇ ಪ್ರಯೋಗಾಲಯದ ತಂತ್ರಜ್ಞೆ