ಎಂಟನೆಯ ಹಾಳೆ

ಪ್ರೆಸ್ಸಿನ ಹಿಂದಿನ ಕೋಣೆ
ಬುಧವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲಾದರೂ ಮಾತ್ರೆ ನೆನಪಿಸುತ್ತಾರೋ, ಇಲ್ಲ ತಾವೇ ಮರೆತು ಕೂತಿರುತ್ತಾರೋ? ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಸಾಕಾಗಿಹೋಗಿದೆ ಕಣೇ.

ಅಪ್ಪ ಎರಡು ವರ್ಷದ ಹಿಂದೆ ಬರೆದು ಮುಗಿಸಿದ ಗಡಿಯಾರ ರಿಪೇರಿ ಪುಸ್ತಕ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದೆಯಲ್ಲ, ಪುಟ ಕಟ್ಟುವವಳು ನಾನೇ. ಒಳಪುಟಗಳಿಗೆ ಯಾವ ಅಕ್ಷರ ಅನ್ನುವುದೊಂದೇ ಬಾಕಿ. ಅದರಲ್ಲೇ ಮೂರು ವಾರ ಹೋಯಿತು. ಒಂದು ಫಾಂಟಿನಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ಡಿಕ್ಕಿ ಹೊಡೆಯುತ್ತವೆ. ಇನ್ನೊಂದು ಅಂಗಡಿ ಬೋರ್ಡಿಗೆ ಚೆಂದ, ಎರಡು ಪುಟ ಓದುವಷ್ಟರಲ್ಲಿ ತಲೆ ಸಿಡಿಯುತ್ತದೆ. ಮತ್ತೊಂದರಲ್ಲಿ ಪ ಯಾವುದು, ಷ ಯಾವುದು ಅಂತ ಕಣ್ಣು ಕಿರಿದು ಮಾಡಬೇಕು. ಒಂದೇ ಪ್ಯಾರಾವನ್ನು ಬೇರೆ ಬೇರೆ ಫಾಂಟಿನಲ್ಲಿ ತೆಗೆದು ಹೋಲಿಸುವುದು ನಮ್ಮಲ್ಲಿ ರೂಢಿ. ಹಾಗಾಗಿ ಪುಸ್ತಕದ ಮೊದಲ ಪ್ಯಾರಾವನ್ನೇ ಒಂದೊಂದು ಹಾಳೆಯಾಗಿ ಅಪ್ಪನ ಕೈಗೆ ಕೊಡುತ್ತಾ ಬಂದೆ.

ಅಪ್ಪ ಕಿಟಕಿಯ ಹತ್ತಿರ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದುತ್ತಾರೆ: "ನಿಂತ ಗಡಿಯಾರವನ್ನು ಬಿಚ್ಚುವ ಮೊದಲು ಕಿವಿಗಿಟ್ಟು ಕೇಳಿ." ಎಲ್ಲೂ ತಡವರಿಸುವುದಿಲ್ಲ. ಆಮೇಲೆ, "ಇದೂ ಚೆನ್ನಾಗಿದೆ ಮಗಳೇ." ಏಳು ಹಾಳೆಗೂ ಅದೇ ಮಾತು! ಮೊನ್ನೆ ರೇಗಿಹೋಗಿ, "ಯಾವುದಾದ್ರೂ ಒಂದು ಹೇಳಿ ಅಪ್ಪಾ, ಓನರು ನನ್ನ ಪ್ರಾಣ ತಿಂತಿದಾರೆ" ಅಂತ ಕೂಗಾಡಿದೆ. ಅಪ್ಪ ನಕ್ಕು ಹಾಳೆಯನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಹಾಗೆ ಕೂಗಬಾರದಿತ್ತು.

ಶುಕ್ರವಾರದೊಳಗೆ ತೀರ್ಮಾನ ಆಗಬೇಕಂತೆ. ಮಷೀನಿನವರು ಆಗಲೇ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮೆಟ್ಟಿಲು ಹತ್ತುವಾಗ ನಿಧಾನ.

ನಿನ್ನ
ಗುಬ್ಬಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಸುಸ್ತಿನಲ್ಲಿ ಎಂಟನೆಯ ಹಾಳೆಗೆ ಮೊದಲ ಪ್ಯಾರಾದ ಬದಲು ಸ್ಪ್ರಿಂಗಿನ ಅಧ್ಯಾಯದ್ದನ್ನು ಹಾಕಿಬಿಟ್ಟಿದ್ದೆ. ಅಪ್ಪ ಬೆರಳು ಸರಿಸುತ್ತಾ ಓದಿದರು: "ನಿಂತ ಗಡಿಯಾರವನ್ನು ಬಿಚ್ಚುವ ಮೊದಲು ಕಿವಿಗಿಟ್ಟು ಕೇಳಿ." ಕೊನೆಯವರೆಗೂ ಅದನ್ನೇ. ಅಪ್ಪನಿಗೆ ಅಕ್ಷರ ಕಾಣುತ್ತಿಲ್ಲ ಅಕ್ಕಾ, ಎಷ್ಟು ದಿನದಿಂದಲೋ. ನಮಗೆ ಗೊತ್ತಾಗಬಾರದು ಅಂತ ಬಾಯಿಪಾಠ ಒಪ್ಪಿಸುತ್ತಿದ್ದಾರೆ. ನಾನು "ಚೆನ್ನಾಗಿ ಓದಿದ್ರಿ" ಅಂದುಬಿಟ್ಟೆ. ಕಣ್ಣಿನ ಡಾಕ್ಟರ ಮಾತು ನಾನೊಬ್ಬಳೇ ತೆಗೆಯಲಾರೆ, ನೀನು ಬಾ.