ಸದನದಲ್ಲಿ ತಾವು ಓದಿದ ನನ್ನ ಪತ್ರವನ್ನು ವಾಪಸ್ ಕೊಡಿ

ಮಾನ್ಯ ಸೆನೆಟರರೇ,

ರಷ್ಯಾದ ಜೊತೆಗಿನ ಅಣ್ವಸ್ತ್ರ ಕಡಿತ ಒಪ್ಪಂದವನ್ನು ಅನುಮೋದಿಸಕೂಡದೆಂದು ಕಳೆದ ಮಂಗಳವಾರ ಸದನದಲ್ಲಿ ವಾದಿಸುತ್ತ ತಾವು ಹೆಸರು ಹೇಳಿ, 'ಧೀರ' ಎಂದು ಕರೆದು, ಒಬ್ಬ ರೈತನ ಪತ್ರವನ್ನು ಓದಿದಿರಿ. "ನನ್ನ ಗೋಧಿ ಹೊಲದ ಮಗ್ಗುಲಲ್ಲೇ ನೆಲದೊಳಗೆ ಕ್ಷಿಪಣಿ ಇದೆ. ಅದರ ಪಕ್ಕದಲ್ಲಿ ನಲವತ್ತು ವರ್ಷ ನಿಶ್ಚಿಂತೆಯಿಂದ ಬದುಕಿದ್ದೇನೆ. ಒಂದನ್ನೂ ಕಡಿಮೆ ಮಾಡಬೇಡಿ." ಆ ರೈತ ನಾನೇ. ಪತ್ರದಲ್ಲಿ ನಿಜವಾಗಿರುವುದು ಗೋಧಿ ಮತ್ತು ಕ್ಷಿಪಣಿ, ಅಷ್ಟೇ. ದಯವಿಟ್ಟು ಅದನ್ನು ವಾಪಸ್ ಕೊಡಿ.

ಅದು ಹುಟ್ಟಿದ ಬಗೆ ಹೀಗಿದೆ. ಗೋಧಿ ಇಳಿಸಲು ಗೋದಾಮಿನ ಮುಂದೆ ಸರದಿಯಲ್ಲಿ ಕಾಯುತ್ತಿದ್ದಾಗ ಒಪ್ಪಂದ ಬೇಡವೆಂದು ನಿಮಗೆ ಬರೆಯಲು ಯಾರೋ ಮಾದರಿ ಪತ್ರ ಹಂಚಿದರು. ಒಪ್ಪಂದದಲ್ಲಿ ಏನಿದೆಯೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೊಬ್ಬರದ ಚೀಲದ ಮೇಲಿನ ಸೂಚನೆಯನ್ನು ಎರಡೆರಡು ಸಲ ಓದುವ ಮನುಷ್ಯ ನಾನು. ಭೂಮಿಯ ಅಳಿವು ಉಳಿವಿನ ಪ್ರಶ್ನೆಗೆ ಮಾತ್ರ ಓದದೆಯೇ ಉತ್ತರ ಕೊಟ್ಟೆ. 'ನಿಶ್ಚಿಂತೆಯಿಂದ' ಎಂಬ ಮಾತು ಮಾದರಿಯಲ್ಲಿ ಇರಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ.

ನಿಮ್ಮ ಭಾಷಣ ಟಿವಿಯಲ್ಲಿ ಬಂದಾಗ ನಾನು ಊರಿನ ಕೆಫೆಯಲ್ಲಿದ್ದೆ. ಪಕ್ಕದ ಹೊಲದ ಡೆಲ್ಮರ್ ಟೋಪಿ ತೆಗೆದು, "ಏನಯ್ಯಾ ಧೀರ, ಇನ್ಮೇಲೆ ನಿನ್ನನ್ನ ಮಾತಾಡಿಸೋಕೆ ಅಪ್ಪಣೆ ತಗೋಬೇಕಾ?" ಎಂದ. ನಾನು ಹೊಟ್ಟೆ ಒಳಗೆಳೆದುಕೊಂಡು ಕೂತೆ. ಎದುರಿಗಿದ್ದ ನನ್ನ ಹೆಂಡತಿ ಸೋಲ್ವೇಗ್ ಕಾಫಿ ಲೋಟ ಕೆಳಗಿಟ್ಟಳು.

"ಆ ಮೊಲದ ವಿಷಯಾನೂ ಬರೆದಿದ್ಯಾ?"

"ಯಾವ ಮೊಲ?" ಎಂದ ಡೆಲ್ಮರ್.

ಇಪ್ಪತ್ತಾರು ವರ್ಷ ಅವಳು ಎತ್ತದಿದ್ದ ಮಾತದು. ಕೆಫೆಯಲ್ಲಿ ನಾನು ಕಾಫಿಯ ದುಡ್ಡು ಮೇಜಿನ ಮೇಲಿಟ್ಟು ಎದ್ದೆ. ಈಗ ನಿಮಗೆ ಹೇಳುತ್ತೇನೆ.

ಕೊಯ್ಲಿನ ಒಂದು ಮಧ್ಯಾಹ್ನ. ವಾಯುಪಡೆಯ ಎರಡು ಟ್ರಕ್ಕುಗಳು ಧೂಳೆಬ್ಬಿಸಿಕೊಂಡು ಬಂದು ಕ್ಷಿಪಣಿಯ ಬೇಲಿಯ ಬಳಿ ನಿಂತವು. ಬಂದೂಕು ಹಿಡಿದವರು ಧುಮುಕಿದರು. ಒಬ್ಬ ನನ್ನತ್ತ ತಿರುಗಿ, ದೂರ ಹೋಗು ಎಂದು ಕೈ ಬೀಸಿದ. ನಾನು ವಿಧೇಯ ಪ್ರಜೆ, ದೂರ ಹೋದೆ. ಯುದ್ಧವೇ ಶುರುವಾಯಿತೆಂದುಕೊಂಡು ಪಿಕಪ್ ಹತ್ತಿ ಹದಿನಾಲ್ಕು ಮೈಲಿ ಓಡಿಸಿದ ಮೇಲೆ, ನನಗೊಬ್ಬಳು ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಇದ್ದಾರೆಂದು ನೆನಪಾಯಿತು. ಅವರಿದ್ದ ಮನೆ ಆ ಬೇಲಿಯಿಂದ ಅರ್ಧ ಮೈಲಿ.

ವಾಪಸ್ ಬಂದಾಗ ಸೋಲ್ವೇಗ್ ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು.

"ಬೇಲಿಯೊಳಗೆ ಮೊಲ ನುಗ್ಗಿತ್ತಂತೆ. ಅದಕ್ಕೇ ಅಲಾರಂ ಹೊಡ್ಕೊಂಡಿದ್ದು," ಎಂದಳು. ಆಮೇಲೆ, "ನೀನೆಲ್ಲಿಗೆ ಹೋಗಿದ್ದೆ?"

"ಡೀಸೆಲ್ ತರೋಕೆ."

"ಸಿಕ್ತಾ?"

"ಇಲ್ಲ."

ಅವಳು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಈ ಧೀರನನ್ನು ತಾವು ದೇಶದ ಮುಂದೆ ಸಾಕ್ಷಿಯಾಗಿ ನಿಲ್ಲಿಸಿದಿರಲ್ಲ, ಬೇರೆ ಯಾರೂ ಸಿಗಲಿಲ್ಲವೇ? ಅಥವಾ ನಿಮಗೂ ಓದಲು ಬಿಡುವಾಗದೆ, ಓದದ ಇನ್ನೊಬ್ಬನ ಮಾತು ಹಿತವೆನಿಸಿತೇ?

ಕೆಫೆಯಿಂದ ಬಂದ ಮಾರನೆಯ ದಿನ ಸೋಲ್ವೇಗ್ ಗ್ರಂಥಾಲಯದಿಂದ ಒಪ್ಪಂದದ ಪ್ರತಿ ತಂದು, ಅಡುಗೆಮನೆಯ ಮೇಜಿನ ಮೇಲಿಟ್ಟು ಗಟ್ಟಿಯಾಗಿ ಓದಿದಳು. ಎರಡೂ ಕಡೆ ಸಿಡಿತಲೆಗಳು ಇಳಿಯುತ್ತವೆ. ಅವರು ಬಂದು ನಮ್ಮವನ್ನು, ನಾವು ಹೋಗಿ ಅವರವನ್ನು ಕಣ್ಣಾರೆ ನೋಡಿ ಎಣಿಸುತ್ತೇವೆ. ಅನುಮೋದನೆ ಸಿಗದಿದ್ದರೆ ಎಣಿಸುವವರೂ ಇಲ್ಲ.

"ಇಷ್ಟೆಲ್ಲ ಕಡಿಮೆ ಮಾಡಿದ ಮೇಲೂ ಸಾವಿರಕ್ಕಿಂತ ಹೆಚ್ಚು ಉಳಿಯುತ್ತೆ," ಎಂದು ಅವಳು ಕನ್ನಡಕ ತೆಗೆದಳು. "ನಿನ್ನ ನಿಶ್ಚಿಂತೆಗೆ ಅಷ್ಟು ಸಾಲದಾ?"

ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಪರವೋ, ವಿರೋಧವೋ?" ಎಂದರು. ವಿರೋಧದಿಂದ ಪರಕ್ಕೆ ಬಂದಿದ್ದೇನೆ ಎಂದೆ. "ನೀವು ಆಗಲೇ ವಿರೋಧದಲ್ಲಿ ಇದೀರಿ ಸರ್. ಬದಲಾಯಿಸೋಕೆ ನಮ್ಮ ಫಾರಮ್ಮಲ್ಲಿ ಜಾಗ ಇಲ್ಲ." ಎಪ್ಪತ್ತರ ಹತ್ತಿರದ ಮುದುಕ ಬುದ್ಧಿ ಕಲಿಯಬಹುದೆಂದು ನಿಮ್ಮ ಫಾರಮ್ಮು ಮಾಡಿದವರು ಎಣಿಸಿರಲಿಕ್ಕಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಎಣಿಸಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಪತ್ರವನ್ನು ಓದಿದ ಅದೇ ಗಂಭೀರ ದನಿಯಲ್ಲಿ ಈ ಪತ್ರವನ್ನೂ ಸದನದಲ್ಲಿ ಓದಿ. ಹದಿನಾಲ್ಕು ಮೈಲಿಯನ್ನು ಬಿಡಬೇಡಿ. ಆಮೇಲೆ ಒಪ್ಪಂದವನ್ನು ಓದಿ, ಮತ ಹಾಕಿ. ಮೂರರಲ್ಲಿ ಎರಡು ಪಾಲು ಮತ ಬೇಕು, ಒಂದೆರಡು ಕಡಿಮೆ ಬೀಳಬಹುದು ಎನ್ನುತ್ತಾರೆ. ಮುಂದಿನ ವಾರ ಒಬ್ಬೊಬ್ಬರ ಹೆಸರು ಕೂಗುವಾಗ ನಾವಿಬ್ಬರೂ ಟಿವಿ ಮುಂದೆ ಇರುತ್ತೇವೆ. ನಿಮ್ಮ ಸರದಿ ಬಂದಾಗ ನಾನು ನಿಮ್ಮ ಮುಖ ನೋಡುತ್ತಿರುತ್ತೇನೆ. ಸೋಲ್ವೇಗ್ ನನ್ನ ಮುಖ ನೋಡುತ್ತಿರುತ್ತಾಳೆ.

ಇಂತಿ,
ತಮ್ಮ ಭಾಷಣದಲ್ಲಿ ಮಾತ್ರ ನಿರ್ಭೀತನಾದ,
ಆರ್ವಿಡ್ ಹಾಗ್‌ಸ್ಟಾಡ್
ಗೋಧಿ ಬೆಳೆಗಾರ, ನಾರ್ತ್ ಡಕೋಟ