ಎರಡನೇ ಏಟು

3-11-86, ಮುಂಜಾನಿ 7-30
ಗುಡಗೇರಿ ಸ್ಟೇಷನ್ನಿಂದ ಸಿಗ್ನಲ್ ಕಂಬದ ತನಕಾ, ಮತ್ತ ವಾಪಸ್. ಆರು ಸಲ. ಬರಿಗಾಲು. ಸ್ಪೈಕ್ಸ್, ಅಂದ್ರ ಮೊಳಿಬೂಟು, ಕೈಯಾಗ ಹಿಡಕೊಂಡು ಓಡೂದು, ಕೊನೀಕ ಅಷ್ಟ ಹಾಕ್ಕೋಳೂದು. ಒಂದ ಜೋಡಿ ಅವ, ಸವಸೂದು ಬ್ಯಾಡ. ಎಡಗಾಲ ಮೀನಖಂಡ ಬಿಗದೈತಿ. ಅವ್ವ ಎಣ್ಣಿ ತಿಕ್ಕಿ, "ಎತ್ತಿಗೂ ಇಷ್ಟು ತಿಕ್ಕಿಲ್ಲ ನಾ" ಅಂದ್ಲು.
ಏಕನಾಥ ಸರ್ ದಿನಾ ಬರಿ ಅಂದಾರ. ಎಷ್ಟು ಓಡಿದಿ, ಮೈ ಹೆಂಗಿತ್ತು, ಮನಸ್ಸು ಹೆಂಗಿತ್ತು. ನಾನೂ ನೋಡೂದಿಲ್ಲ, ನಿನಗಷ್ಟ ಅಂತ. ಕಾಲೇಜಿನ್ಯಾಗ ಅವರು ಫಿಜಿಕಲ್ ಡೈರೆಕ್ಟರ್. ಅವರು ಹೇಳಿದ್ರ ಮುಗೀತು.
8-10ರ ಪ್ಯಾಸೆಂಜರ್ ಹಿಡೀಬೇಕು. ಹುಬ್ಬಳ್ಳಿ ಮುಟ್ಟೂದ್ರಾಗ ಮೊದಲನೇ ಪಿರಿಯಡ್ ಹೋಗಿರತೈತಿ. ಎಂದಿನಂಗ.

8-11-86
ಧಾರವಾಡ. ಯುನಿವರ್ಸಿಟಿ ಮೀಟ್. ಎಂಟನೂರು ಮೀಟರ್ — ಫಸ್ಟ್. 2-14.6. ಬೆಳಗಾವಿ ಹುಡುಗಿ ಸೆಕೆಂಡ್, ಹತ್ತು ಗಜ ಹಿಂದ.
ರೈಲ್ವೆದ ಸ್ಪೋರ್ಟ್ಸ್ ಆಫೀಸರ್ ಒಬ್ಬರು ಸರ್ ಕೂಡ ಭಾಳ ಹೊತ್ತು ಮಾತಾಡಿದ್ರು. ಡಿಸೆಂಬರ್ 20ಕ್ಕ ಹುಬ್ಬಳ್ಳಿಯೊಳಗ ಟ್ರಯಲ್ಸ್. ಹುಡುಗ್ಯಾರಿಗೆ ಒಂದ ಪೋಸ್ಟು. ಪಗಾರ, ಕ್ವಾರ್ಟರ್ಸು, ಕೋಚ್, ಖರೇ ಟ್ರ್ಯಾಕ್...
ಸರ್ ಅಂದ್ರು — "ರೇವವ್ವ, ಆ ಕುರ್ಚಿ ಮ್ಯಾಲ ನಿನ್ನ ಹೆಸರು ಅದ. ಬರೇ ಹೋಗಿ ಕೂಡೂದು."
ಅಪ್ಪಗ ಹೇಳಿದೆ. ಹಿಟ್ಟಿನ ಗಿರಣಿ ಪಟ್ಟಾ ಇಳಿಸಿ, ಸದ್ದು ನಿಂತ ಮ್ಯಾಲ "ಇನ್ನೊಮ್ಮೆ ಹೇಳು" ಅಂದ.

17-11-86
ಮೂರನೇ ದಿನ ಇವತ್ತು. ಕಾಳುಕಡಿ ಅಡತಿ ಅಂಗಡಿ ಮಡಿವಾಳೆಪ್ಪನವರ ಮಗ ಶಂಕ್ರಪ್ಪ. ಸಿಗ್ನಲ್ ಕಂಬದ ಬಾಜೂಕ ಸೈಕಲ್ ಅಡ್ಡ ಹಾಕಿ ನಿಂದರತಾನ. "ರೈಲ್ವೆ ರಾಣಿ, ಟಿಕೀಟ್ ತೋರಸು" ಅಂತಾನ. ಸುತ್ತಿ ಹೊಲದಾಗ ಇಳದು ಓಡಿದೆ. ಕಾಲಿಗೆ ಎರಿಮಣ್ಣು ಸೇರುಗಟ್ಲೆ.
ಮನ್ಯಾಗ ಹೇಳಿಲ್ಲ. ಹೇಳಿದ್ರ ಅಂವಗೇನೂ ಆಗೂದಿಲ್ಲ, ನನ್ನ ಓಟ ನಿಂದರತೈತಿ.

19-11-86, 10 ಗಂಟೆ
ಅಂವ ಕೈ ಹಿಡದ. ಸ್ಪೈಕ್ಸ್‌ಲೇ ಹೊಡದೆ. ರಕ್ತ ಬಂತು. ಓಡಿ ಬಂದೆ.
ಇಷ್ಟ.

20-11-86, ಸಂಜಿ
ಫೌಜದಾರರು ಬಂದಿದ್ರು. ಕೂಡ ಒಬ್ಬಾಕಿ ಹೆಣ್ಣ ಪೋಲೀಸು. ಓಣಿ ತುಂಬ ಮಂದಿ. ಮಡಿವಾಳೆಪ್ಪನವರು ಕೇಸ್ ಕೊಟ್ಟಾರ — ನಮ್ಮ ಮಗ ದಾರಿ ಹಿಡದು ಹೊಂಟಿದ್ದ, ಮೊಳಿಬೂಟ್‌ಲೇ ಮುಖ ಹರದ್ಲು ಅಂತ. ಅಂವ ಹುಬ್ಬಳ್ಳಿ ದವಾಖಾನ್ಯಾಗ ಅದಾನ. ಎಡಗಣ್ಣಿಗೆ ಪಟ್ಟಿ.
ಪಂಚನಾಮಿ ಮಾಡಿದ್ರು. ಸ್ಪೈಕ್ಸ್ ಅರಿವ್ಯಾಗ ಸುತ್ತಿ ಅರಗಿನ ಸೀಲ್ ಹಾಕಿ ಒಯ್ದರು. ಸಾಕ್ಷಿಗೆ ಇಡೂ ಮುದ್ದೆಮಾಲು ಅಂತ. ಕೇಸ್ ಮುಗಿಯೂ ತನಕಾ ಸಿಗೂದಿಲ್ಲ.
ಠಾಣ್ಯಾಗ ನಾಕು ತಾಸು. ಕೆಟ್ಟ ಮಾತು ಯಾರೂ ಆಡಲಿಲ್ಲ. ಜಾಮೀನಿನ ಮ್ಯಾಲ ಬಿಟ್ಟರು. ಬರೂವಾಗ ಅಪ್ಪ ಒಂದ ಕೇಳಿದ — "ಮದ್ಲ ಯಾಕ ಹೇಳಲಿಲ್ಲ?"

22-11-86
ಕುಂದಗೋಳ. ಬಾಳಕೃಷ್ಣ ವಕೀಲರ ಮನಿ. ಮುದಕರು. ಎಲ್ಲಾ ಕೇಳಿ ಕನ್ನಡಕ ತಗದ್ರು.
"ನೋಡವಾ, ಈಗ ಹಾಕಿದ್ದು 324ನೇ ಕಲಂ, ಹತ್ಯಾರಲೇ ಗಾಯ ಮಾಡಿದ್ದು. ರಾಜಿ ಮಾಡಸಲಿಕ್ಕೆ ಬರ್ತದ, ಕೋರ್ಟ್ ಪರ್ಮಿಶನ್ ಬೇಕು. ಆದ್ರ ಹುಡುಗನ ಕಣ್ಣು ಹೋತಂದ್ರ 326, ಭಾರೀ ಗಾಯದ್ದು. ಅದಕ್ಕ ರಾಜಿ ಇಲ್ಲ."
ಅಪ್ಪ ಕೇಳಿದ, "ನೌಕರಿ, ರೀ?"
"ಕಣ್ಣು ಉಳದ್ರ ನೌಕರಿನೂ ಉಳೀತದ."
ಆಮ್ಯಾಲ ನನ್ನ ಕಡೆ ತಿರಗಿದ್ರು. "ಅಂವ ಕೈ ಹಿಡದ. ನೀ ಬಿಡಿಸಿಗೊಳ್ಳಾಕ ಹೊಡದಿ. ಹೌದಲ್ಲ? ಎಷ್ಟು ಏಟು?"
"ಒಂದರಿ."
ಬರಕೊಂಡ್ರು.

30-11-86
ಹನ್ನೊಂದು ದಿನ ಓಡಿಲ್ಲ. ಕಾಲೇಜಿಗೂ ಹೋಗಿಲ್ಲ. ನೀರಿಗೆ ಹೋದ್ರ ಬಾಯಿ ಮುಚ್ಚತಾರ, ಕೊಡಾ ಎತ್ತಿದ ಮ್ಯಾಲ ಮತ್ತ ಶುರು. ಕೆಲವರು "ಭೇಷ್ ಮಾಡಿದಿ" ಅಂತಾರ. ಅದೂ ಕೇಳಾಕ ಆಗವಲ್ದು.
ಇವತ್ತು ಏಕನಾಥ ಸರ್ ಬಂದ್ರು. ಚೀಲದಾಗ ಹಳೇ ಸ್ಪೈಕ್ಸ್. ಯಾವನೋ ಹುಡುಗನ್ವು, ಎರಡು ನಂಬರ್ ದೊಡ್ಡವು. "ಮುಂದ ಹತ್ತಿ ಅರಳಿ ತುಂಬು. ನಾಳೆಯಿಂದ ಓಡು. ಕೋರ್ಟಿಂದು ಕೋರ್ಟಿಗೆ, ಕಾಲಿಂದು ಕಾಲಿಗೆ."
ಅವ್ವ ಬಾಗಲದಾಗ ನಿಂತಿದ್ಲು. "ಆಕಿ ಕೂಡ ನಾನೂ ಹೋಗತೀನ್ರಿ. ಸಿಗ್ನಲ್ ಕಂಬದ ಹತ್ರ ಕುಂದರತೀನಿ."

4-12-86
ಕಣ್ಣಿನ ಪಟ್ಟಿ ಬಿಚ್ಯಾರಂತ. ಕಣ್ಣು ಉಳದೈತಿ. ಮಬ್ಬು ಕಾಣಸತೈತಂತ, ಮನಷ್ಯಾರ ಮುಖ ಗುರತು ಹತ್ತತೈತಿ. ಗಲ್ಲದ ಮ್ಯಾಲಿಂದ ರೆಪ್ಪಿ ತನಕಾ ಹೊಲಿಗಿ.
ಅಪ್ಪ ಕೈ ಮುಗದ. ನನಗೂ ಸಮಾಧಾನ ಆತು. ಆಮ್ಯಾಲ ಕುಂತು ವಿಚಾರ ಮಾಡಿದೆ. ಅಂವನ ಕಣ್ಣಿಗೆ ಸಮಾಧಾನ ಆತೋ, 326 ತಪ್ಪಿದ್ದಕ್ಕೋ?
ಬರಿಯೂದಿಲ್ಲ ಅದನ್ನ.

8-12-86, ಮಧ್ಯಾಹ್ನ
ಅವ್ವ ಗಿರಣಿಗೆ ಬುತ್ತಿ ಒಯ್ದಿದ್ಲು. ನಾ ಒಬ್ಬಾಕಿನ. ಸುಶೀಲವ್ವ ಬಂದ್ಲು — ಶಂಕ್ರಪ್ಪನ ತಾಯಿ. ಒಳಗ ಬಾ ಅಂದೆ, ಬರಲಿಲ್ಲ. ಹೊಸ್ತಲದ ಹೊರಗ ನಿಂತ ಕೇಳಿದ್ಲು.
"ಅಂವ ನಿನ್ನ ಕೈ ಹಿಡದಾನೇನು?"
"ಹೂನ್ರಿ."
"ಗೊತ್ತೈತಿ. ನನ್ನ ಮುಂದ ಒಪ್ಪಿಕೊಂಡಾನ. ಪಟ್ಟಿ ಕಟ್ಟಿದ್ರೂ ಬಿಡಲಿಲ್ಲ, ಬೆನ್ನಿಗೆ ಹೊಡದೀನಿ." ಉಸರು ತಗೊಂಡ್ಲು. "ಕೈ ಬಿಡಿಸಿಗೊಳ್ಳಾಕ ಒಂದು ಹೊಡದಿ. ಅದು ನಿನ್ನ ಹಕ್ಕು. ನಾನಾಗಿದ್ರೂ ಹೊಡೀತಿದ್ದೆ. ಆದ್ರ ಬಿದ್ದವನ್ನ ಯಾಕ ಹೊಡದಿ, ತಂಗಿ? ಅಂವ 'ಬ್ಯಾಡ' ಅಂದಿದ್ನಲ್ಲ?"
ಆಕಿ ಜಗಳಾಡಲಿಲ್ಲ. ಸೆರಗು ಸರಿ ಮಾಡಿಕೊಂಡು ಹೋದ್ಲು.

ಅದ ದಿನ, 4 ಗಂಟೆ
ಬರೀತೀನಿ.
ಅಂವ ಎಡಗೈ ಮಣಿಕಟ್ಟು ಹಿಡದ. ಬಲಗೈಯಾಗ ಸ್ಪೈಕ್ಸ್. ಮುಂಗೈ ಮ್ಯಾಲ ಹೊಡದೆ. ಬಿಟ್ಟ. ಸೈಕಲ್ ಕಾಲಿಗೆ ಸಿಕ್ಕು ಖಡಿ ಕಲ್ಲಿನ ಮ್ಯಾಲ ಬಿದ್ದ. ದಾರಿ ಖಾಲಿ ಇತ್ತು. ಓಡಬಹುದಾಗಿತ್ತು — ಊರಾಗ ನನ್ನ ಹಿಂದ ಹತ್ತಿ ಹಿಡಿಯವರು ಯಾರದಾರ? ಓಡಲಿಲ್ಲ. ಅಂವ ಕೈ ಅಡ್ಡ ಇಟ್ಟು "ಬ್ಯಾಡ, ರೇವಾ" ಅಂದ. ಬಗ್ಗಿ ಹೊಡದೆ. ಮುಖದ ಮ್ಯಾಲನ. ನೋಡಿ ಹೊಡದೆ.
ಮೊದಲನೇದು ಅಂಜಿ. ಎರಡನೇದು ಅಂಜಿಕಿ ಅಲ್ಲ. ಮೂರು ದಿನ ಹೊಲದಾಗ ಇಳದು ಓಡಿದ ಸಿಟ್ಟು. ಮನ್ಯಾಗ ಹೇಳಾಕ ಆಗದ ಸಿಟ್ಟು. ಹೊಡದಾಗ ಒಂದು ಗಳಿಗಿ ಖುಷಿ ಆತು.
ಖುಷಿ ಆತು. ಬರದೆ.

20-12-86
ಟ್ರಯಲ್ಸ್. ದೊಡ್ಡ ಸ್ಪೈಕ್ಸ್, ಅರಳಿ, ಮ್ಯಾಲ ದಾರ ಸುತ್ತಿ. ಎರಡನೇ ರೌಂಡಿನ್ಯಾಗ ಬಲಗಾಲಿಂದು ಸಡಲಾತು. ಒದ್ದು ಒಗದು ಒಂದ ಕಾಲ ಬೂಟಿನ್ಯಾಗ ಓಡಿದೆ. ಫಸ್ಟ್. 2-13.9. ಬೆಳಗಾವಿ ಹುಡುಗಿ ಮತ್ತ ಸೆಕೆಂಡ್. ಸರ್ ವಾಚ್ ನೋಡಿಕೋತ ಅಳಾಕತ್ತಿದ್ರು.
ಒಂದು ಫಾರ್ಮ್ ಕೊಟ್ಟಾರ. ಜನೆವರಿ 10ರೊಳಗ ತುಂಬಿ ಕಳಸಬೇಕು. 12ನೇ ಕಾಲಂ — ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ, ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿದೆಯೇ? ಹೌದು / ಇಲ್ಲ. ಕೆಳಗ ಸಣ್ಣ ಅಕ್ಷರ: ಸುಳ್ಳು ಮಾಹಿತಿ ಕೊಟ್ಟರೆ ಕೆಲಸದಿಂದ ವಜಾ.
ಸರ್ ಓದಿ ಮಡಚಿ ಕೊಟ್ರು. "ಮದ್ಲ ರಾಜಿ ಆಗಲಿ."

27-12-86
ರಾಜಿಗೆ ಮಡಿವಾಳೆಪ್ಪನವರು ತಯಾರ. ಒಂದ ಷರತ್ತು. ಶಂಕ್ರಪ್ಪ ಕೈ ಹಿಡದೇ ಇಲ್ಲ, ಟೈಮ್ ಕೇಳಾಕ ನಿಂತಿದ್ದ, ನಾ ತಪ್ಪು ತಿಳಕೊಂಡು ಹೊಡದೆ — ಹಂಗ ಬರದು ಸಹಿ ಮಾಡಬೇಕು. ಅಂವಗ ಹೆಣ್ಣು ನೋಡಾಕತ್ಯಾರ. ಪ್ರತಿಯಾಗಿ ಅವರು ಒಂದ ಏಟು ಅಂತ ಒಪ್ಪತಾರ.
ವಕೀಲರು — "ಭಾಳ ಚಲೋ ಆತು. ಇಬ್ಬರದೂ ಮರ್ಯಾದಿ ಉಳೀತದ."
ಸರ್ — "ಸಹಿ ಮಾಡು. ಒಂದು ಕಾಗದಕ್ಕ ಎಂಟು ವರ್ಷದ ಓಟ ಕಳಕೋಬ್ಯಾಡ."
ಅವ್ವ ಅಂದ್ಲು, "ಕೈ ಹಿಡದಿಲ್ಲಂತ ಬರದು ಕೊಟ್ರ, ನಾಳೆ ಊರಾಗ ಯಾರ ಮಗಳ ಕೈ ಹಿಡದ್ರೂ ಟೈಮ್ ಕೇಳಿದಂಗ ಆಗತೈತಿ."
ಅವ್ವಗ ಎರಡನೇ ಏಟಿಂದು ಗೊತ್ತಿಲ್ಲ.
ಸಹಿ ಮಾಡಿದೆ.

6-1-87, ಸಂಜಿ
ಕುಂದಗೋಳ ಕೋರ್ಟ್.
ಶಂಕ್ರಪ್ಪನ್ನ ಅವತ್ತಿನ ಮ್ಯಾಲ ಇವತ್ತ ನೋಡಿದ್ದು. ಗಲ್ಲದ ಮ್ಯಾಲ ಕೆಂಪನ್ನ ಗೆರಿ. ಎಡಗಣ್ಣಿನ ರೆಪ್ಪಿ ಪೂರಾ ಏಳೂದಿಲ್ಲ. ಬಾಜೂಕ ಸುಶೀಲವ್ವ.
ಜಡ್ಜ್ ಸಾಹೇಬರು ಅರ್ಜಿ ಓದಿದ್ರು. ನನ್ನ ಕೇಳಿದ್ರು — "ಇದರಾಗ ಬರದದ್ದು ಖರೇನಮ್ಮಾ?"
ಹೌದು ಅನ್ನಾಕ ಬಾಯಿ ತಗದೆ. "ಅಲ್ಲರಿ" ಅಂತ ಬಂತು.
ವಕೀಲರು ಬಾಜೂಕಿಂದ "ಏ ರೇವವ್ವ" ಅಂದ್ರು.
"ಅಂವ ಕೈ ಹಿಡದಿದ್ದ, ರೀ. ಅದಕ್ಕ ಒಂದು ಹೊಡದೆ. ಬಿದ್ದ ಮ್ಯಾಲ ಇನ್ನೊಂದು ಹೊಡದೆ. ಎರಡನೇದು ಹೊಡೀಬೇಕಾಗಿರಲಿಲ್ಲ. ಸಿಟ್ಟಿಗೆ ಹೊಡದೆ."
ಸಾಹೇಬರು ಪೆನ್ ಕೆಳಗಿಟ್ರು. ಆಮ್ಯಾಲ ಶಂಕ್ರಪ್ಪನ ಕಡೆ ನೋಡಿದ್ರು. "ನೀ ಏನಂತಿಯಪಾ?"
ಅಂವ ಅವರಪ್ಪನ್ನ ನೋಡಿದ. ನೆಲಾ ನೋಡಿದ. ಸುಶೀಲವ್ವ ಅಂವನ್ನ ನೋಡಲೇ ಇಲ್ಲ, ಎದುರಿನ ಗ್ವಾಡಿ ನೋಡಿಕೋತ ಕುಂತಿದ್ಲು.
"ಹಿಡದಿದ್ದೆರಿ," ಅಂದ. "ಮೂರು ದಿನ ಅಡ್ಡ ಹಾಕಿದ್ದೂ ಖರೇರಿ. ನನಗ ಕೇಸ್ ಬ್ಯಾಡರಿ."
ಮಡಿವಾಳೆಪ್ಪನವರು ಎದ್ದು ಹೊರಗ ಹೋಗಿಬಿಟ್ರು.
ಖರೇ ಇದ್ದಂಗ ಬ್ಯಾರೆ ಅರ್ಜಿ ಬರೀರಿ ಅಂದ್ರು ಸಾಹೇಬರು. ಮಧ್ಯಾಹ್ನ ಇಬ್ಬರೂ ಸಹಿ ಮಾಡಿದಿವಿ. ರಾಜಿ ಮಂಜೂರ. ಕೇಸ್ ಮುಗೀತು.
ಹೊರಗ ಅವ್ವ ಕೇಳಿದ್ಲು, "ಎರಡ ಹೊಡದಿದ್ಯಾ?" ಹೂಂ ಅಂದೆ. ಬಸ್ಸಿನ್ಯಾಗ ನನ್ನ ತೊಡಿ ಮ್ಯಾಲ ಕೈ ಇಟ್ಟಿದ್ಲು.

9-1-87
ಫಾರ್ಮ್ ತುಂಬಿದೆ. ಸರ್ ಅಂದ್ರು, ಕೇಸ್ ಮುಗದದ, 'ಇಲ್ಲ' ಅಂತ ಬರಿ. ಆದ್ರ ಅಲ್ಲೆ 'ಎಂದಾದರೂ' ಅಂತ ಐತಿ. 'ಹೌದು' ಅಂತ ಬರದೆ. ದೊಡ್ಡತನ ಏನಲ್ಲ. ಅಂಜಿಕಿ. ನಾಕು ವರ್ಷ ಆದ ಮ್ಯಾಲ ಯಾರರೆ ತಗದು ತೋರಿಸಿದ್ರ? ದಿನಾ ಅಂಜಿಕೋತ ಓಡಾಕ ಆಗೂದಿಲ್ಲ.
ಸರ್ ಲಕೋಟಿ ಇಸಕೊಂಡ್ರು, ನನ್ನ ಮುಖ ನೋಡಲಿಲ್ಲ. "ಎರಡನೇ ಏಟು ಯಾರು ಕೇಳಿದ್ರವಾ ನಿನಗ?"

2-3-87
ಲಿಸ್ಟ್ ಬಂತು. ಬೆಳಗಾವಿ ಹುಡುಗಿ.
ಕಾರಣ ಬರದಿಲ್ಲ. ಬರೀಬೇಕಾಗೂ ಇಲ್ಲ.
ಗಿರಣಿ ಹಿಂದ ಕುಂತು ಅತ್ತೆ. ಸದ್ದಿನ್ಯಾಗ ಯಾರಿಗೂ ಕೇಳೂದಿಲ್ಲ. ಸಹಿ ಮಾಡಿದ ಅರ್ಜಿ ಹಂಗ ಬಿಟ್ಟಿದ್ರ ಇಷ್ಟೊತ್ತಿಗೆ... ಇವತ್ತಿಡೀ ಅದ. ಮುಗ್ಗಲಗೇಡಿ ಹಾಳ ಬಾಯಿ ನನ್ನದು.
ಅಪ್ಪ ಬಂದು ಬಾಜೂಕ ಕುಂತ. ಮೈಯೆಲ್ಲಾ ಹಿಟ್ಟು. "ನೀ ಓಡೂದು ನಾ ಒಮ್ಮೆನೂ ನೋಡಿಲ್ಲ. ಮುಂದಿನ ಸಲ ನಾನೂ ಬರತೀನಿ." ಮುಂದಿನ ಸಲ ಐತಿ ಅಂತ ಅಂವಗ ಯಾರು ಹೇಳ್ಯಾರೋ.

19-3-87
ಎರಡು ತಿಂಗಳು ಮಾತು ಬಿಟ್ಟಿದ್ದ ಸರ್ ಇವತ್ತು ಮನಿಗೆ ಬಂದ್ರು. ಕೈಯಾಗ ಬ್ಯಾರೆ ಫಾರ್ಮ್. ಬ್ಯಾಂಕಿಂದು, ಸ್ಪೋರ್ಟ್ಸ್ ಕೋಟಾ. ಆಗಸ್ಟಿನ್ಯಾಗ ಟ್ರಯಲ್ಸ್.
"ಇದರಾಗೂ ಆ ಕಾಲಂ ಅದ," ಅಂದ್ರು. "ಏನ್ ಬರೀತಿ?"
"ಹೌದು ಅಂತ."
ಚಹಾ ಕುಡದ್ರು. ಬಸಿ ಕೆಳಗ ಇಟ್ಟು ಅಂದ್ರು, "ಇಲ್ಲ ಅಂತ ಬರದಾಕಿ ಹತ್ತು ಗಜ ಮುಂದಿದ್ರ ಸಾಕು. ಹೌದು ಅಂತ ಬರದಾಕಿ ನಲವತ್ತು ಗಜ ಮುಂದಿರಬೇಕು. ನಾಳೆ ಐದೂವರಿಗೆ ಬರ್ತೀನಿ. ತಯಾರಿರು."

21-3-87, ಮುಂಜಾನಿ 9
ಫಾರ್ಮ್ ಮುಂದ ಕುಂತೀನಿ. 'ಹೌದು' ಆತು. ಕೆಳಗ 'ವಿವರ' ಅಂತ ಎರಡು ಗೆರಿ ಜಾಗಾ ಬಿಟ್ಟಾರ. ಎರಡು ಗೆರಿಯೊಳಗ ಹೆಂಗ ಹಿಡಸತೈತಿ? ಬ್ಯಾರೆ ಹಾಳಿ ಹಚ್ಚತೀನಿ. ಇಲ್ಲೆ ಮದ್ಲ ಬರದು ನೋಡತೀನಿ, ಆಮ್ಯಾಲ ಚಲೋ ಅಕ್ಷರದಾಗ ತಿದ್ದಿದ್ರಾತು.
ಮಾನ್ಯರೇ, ಅವನು ನನ್ನ ಕೈ ಹಿಡಿದದ್ದು ನಿಜ. ನಾನು ಅವನನ್ನು ಎರಡು ಸಲ ಹೊಡೆದದ್ದೂ ನಿಜ. ಮೊದಲನೆಯ ಏಟಿಗೂ ಎರಡನೆಯ ಏಟಿಗೂ ನಡುವೆ ದಾರಿ ಖಾಲಿ ಇತ್ತು, ನಾನು ಓಡಲಿಲ್ಲ.